ಅಭ್ಯಾಸದಲ್ಲಿ 4.80, ಕೂಟದಲ್ಲಿ ಮೂರೂ ಫೌಲ್: ಈ ಹುಡುಗಿಗೆ ಏನು ಹೇಳಲಿ?

ಪಿಟಿ ಮೇಷ್ಟ್ರು, ತಿಪಟೂರು ಕಡೆ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ ನಾನು. ನಮ್ಮಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಾಳೆ. ಲಾಂಗ್ ಜಂಪ್. ನಮ್ಮ ಶಾಲೆ ಪಿಟ್‌ನಲ್ಲಿ 4.60 ಮೀಟರಿಗೆ ಕಡಿಮೆ ಹಾರೋದು ಅಪರೂಪ. ಚೆನ್ನಾಗಿ ಕೂಡಿಬಂದ ದಿನ 4.80.

ಹೋಬಳಿ ಕೂಟ ನಮ್ಮ ಮೈದಾನದಲ್ಲೇ ನಡೆಯಿತು. ಸಲೀಸಾಗಿ ಗೆದ್ದಳು. ಆದರೆ ಹೋದ ವರ್ಷ ತಾಲ್ಲೂಕಿನಲ್ಲಿ ಮೂರು ಅವಕಾಶ, ಮೂರೂ ಫೌಲ್. ಮೊನ್ನೆ ಪಕ್ಕದ ಊರಲ್ಲಿ ಒಂದು ಮುಕ್ತ ಕೂಟ ಇತ್ತು, ಅಭ್ಯಾಸವಾಗಲಿ ಅಂತ ಕರ್ಕೊಂಡು ಹೋದೆ. ಮತ್ತೆ ಮೂರೂ ಕೆಂಪು ಬಾವುಟ. ಬಸ್ಸಲ್ಲಿ ವಾಪಸ್ ಬರುವಾಗ ಕಿಟಕಿ ಕಡೆ ಮುಖ ಮಾಡಿ ಕೂತವಳು ಊರು ಬರೋವರೆಗೂ ಒಂದು ಮಾತು ಆಡಲಿಲ್ಲ.

ನಾನು ಹೇಳೋದೆಲ್ಲ ಹೇಳಿದ್ದೇನೆ. ‘ಹೆದರಬೇಡ, ಗೆರೆ ತುಳಿಯಬೇಡ, ನಮ್ಮ ಶಾಲೆ ಪಿಟ್ ಅಂದ್ಕೊಂಡು ಹಾರು.’ ತಲೆ ಆಡಿಸ್ತಾಳೆ. ಹೋಗಿ ಗೆರೆ ತುಳಿತಾಳೆ. ಸಹೋದ್ಯೋಗಿ ಒಬ್ಬರು ‘ಸ್ಪೋರ್ಟ್ಸ್ ಸೈಕಾಲಜಿಸ್ಟ್‌ಗೆ ತೋರಿಸಿ’ ಅಂದರು. ನಮ್ಮ ಕಡೆ ಅವರೆಲ್ಲಿ ಸಿಗ್ತಾರೆ? ತಾಲ್ಲೂಕು ಕೂಟಕ್ಕೆ ಇನ್ನು ಐದು ವಾರ ಇದೆ. ನಾನೇ ಮಾಡಬಹುದಾದ್ದು ಏನಾದರೂ ಇದ್ದರೆ ತಿಳಿಸಿ.

ಕಬಡ್ಡಿ ಹಳೇಹುಲಿ

ಮೇಷ್ಟ್ರೇ, ನಮ್ಮ ಕಾಲದಲ್ಲಿ ಈ ಸೈಕಾಲಜಿ ಗಿಯಕಾಲಜಿ ಏನೂ ಇರಲಿಲ್ಲ. ಹೆದರಿದರೆ ಕೋಚ್ ಒಂದು ಬಿಡೋರು, ಭಯ ಓಡಿಹೋಗೋದು. ಈಗಿನ ಮಕ್ಕಳು ತುಂಬಾ ನಾಜೂಕು.

ಬೆಳಗಿನ ಯೋಗ

ದಿನಾ ಬೆಳಿಗ್ಗೆ ಹದಿನೈದು ನಿಮಿಷ ಪ್ರಾಣಾಯಾಮ ಮಾಡಿಸಿ ಸರ್. ಮನಸ್ಸು ತಾನಾಗಿಯೇ ತಣ್ಣಗಾಗುತ್ತೆ. ಶೂಟರ್ ಮನು ಭಾಕರ್ ಅವರನ್ನೇ ನೋಡಿ. ಟೋಕಿಯೋ ಒಲಿಂಪಿಕ್ಸಿನಲ್ಲಿ ಪಿಸ್ತೂಲು ಕೈಕೊಟ್ಟಿತು, ಪದಕ ಇಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು. ಗೀತೆ ಓದ್ತಿದ್ದೆ, ಫಲದ ಯೋಚನೆ ಬಿಟ್ಟು ಕೆಲಸದ ಮೇಲೆ ಗಮನ ಇಟ್ಟೆ ಅಂತ ಅವರೇ ಹೇಳಿದ್ದಾರೆ.

ಸುಮ್ನೆ ಓದುಗ

ಇನ್ನೊಬ್ಬ ಶೂಟರ್ ಅಭಿನವ್ ಬಿಂದ್ರಾ ಅವರದ್ದೂ ಇದೆಯಲ್ಲ. 2008ರಲ್ಲಿ ಬೀಜಿಂಗ್‌ಗೆ ಹೋಗುವ ಮುಂಚೆ 40 ಅಡಿ ಎತ್ತರದ ಕಂಬ ಹತ್ತಿದ್ದರು, ಭಯದಲ್ಲಿ ಕೈಕಾಲು ನಡುಗುವಾಗಲೂ ಕೆಲಸ ಮುಗಿಸೋದು ರೂಢಿ ಆಗಲಿ ಅಂತ. ಆಮೇಲೆ ಚಿನ್ನ.

ಕಬಡ್ಡಿ ಹಳೇಹುಲಿ

ತಿಪಟೂರಲ್ಲಿ ಕಂಬಕ್ಕೇನು ಬರ, ತೆಂಗಿನಮರ ಬೇಕಾದಷ್ಟಿದೆ. ಹತ್ತಿಸಿ ಬಿಡಿ.

ಪಿಟ್ ಪಕ್ಕದವಳು

ನಾನು ಆರು ವರ್ಷ ಲಾಂಗ್ ಜಂಪ್ ಮಾಡಿದವಳು, ವಿಶ್ವವಿದ್ಯಾಲಯದ ಮಟ್ಟದವರೆಗೆ. ಈಗ ಮೈಸೂರಲ್ಲಿ ಬ್ಯಾಂಕ್ ಕೆಲಸ. ಗೀತೆ, ತೆಂಗಿನಮರ ಎಲ್ಲ ಆಮೇಲೆ. ಮೊದಲು ನಾಲ್ಕು ಪ್ರಶ್ನೆ, ಮೇಷ್ಟ್ರೇ.

ಅವಳ ರನ್‌ಅಪ್ (ಹಾರುವ ಮುಂಚಿನ ಓಟ) ಎಷ್ಟು? ಟೇಪ್ ಹಿಡಿದು ಅಳೆದಿದ್ದೀರಾ, ಹೆಜ್ಜೆ ಎಣಿಸಿದ್ದೀರಾ? ಫೌಲ್ ಎಷ್ಟರಿಂದ ಆಗ್ತಿದೆ, ಬೆರಳ ತುದಿಯಾ, ಅರ್ಧ ಪಾದವಾ? ಮೂರೂ ಸಲ ಒಂದೇ ಥರ ತುಳಿದಳಾ, ಇಲ್ಲ ಮೊದಲನೇದು ಒಂದು ಥರ, ಆಮೇಲಿನವು ಇನ್ನೊಂದು ಥರವಾ? ಕೊನೇದು: ಅಭ್ಯಾಸದಲ್ಲಿ ಕಾಲಿಗೆ ಏನು ಹಾಕ್ತಾಳೆ, ಕೂಟದಲ್ಲಿ ಏನು ಹಾಕ್ತಾಳೆ?

ಯಾಕೆ ಕೇಳ್ತಿದ್ದೇನೆ ಅಂದರೆ, ಕೂಟದ ದಿನ ಮೈಯಲ್ಲಿ ಹುರುಪು ಜಾಸ್ತಿ ಇರುತ್ತೆ. ನಮಗೇ ಗೊತ್ತಿಲ್ಲದೆ ಜೋರಾಗಿ ಓಡ್ತೀವಿ. ಒಂದೊಂದು ಹೆಜ್ಜೆ ಎರಡು ಸೆಂಟಿಮೀಟರ್ ಉದ್ದ ಆದರೂ ಹದಿನಾಲ್ಕು ಹೆಜ್ಜೆಗೆ ಸುಮಾರು ಒಂದು ಅಡಿ ಆಯ್ತಲ್ಲ. ಅದು ಹೆದರಿಕೆ ಅಲ್ಲ, ಲೆಕ್ಕ. ನಾನು ದೊಡ್ಡ ಕೂಟಗಳಲ್ಲಿ ಓಟ ಶುರು ಮಾಡುವ ಗುರುತನ್ನೇ ಒಂದು ಪಾದ ಹಿಂದಕ್ಕೆ ಇಟ್ಟುಕೊಳ್ತಿದ್ದೆ.

ಪಿಟಿ ಮೇಷ್ಟ್ರು, ತಿಪಟೂರು ಕಡೆ

ಮೇಡಂ, ಉತ್ತರ ಬರೆಯೋಕೆ ನಾಚಿಕೆ ಆಗ್ತಿದೆ. ರನ್‌ಅಪ್ ಹೆಜ್ಜೆ ಲೆಕ್ಕ, ಹದಿನಾಲ್ಕು. ಟೇಪ್ ಹಿಡಿದಿಲ್ಲ. ಮೊದಲ ಫೌಲ್ ಅರ್ಧ ಪಾದ. ಎರಡನೇದರಲ್ಲಿ ಗೆರೆ ಹತ್ತಿರ ಬಂದು ಸಣ್ಣ ಸಣ್ಣ ಹೆಜ್ಜೆ ಹಾಕಿ ತಡವರಿಸಿದಳು, ಆದರೂ ತುಳಿದಳು. ಮೂರನೇದು ಹಾರಿದ್ದೇ ಅಲ್ಲ, ಗೆರೆ ದಾಟಿ ಓಡಿಹೋದಳು.

ಕಾಲಿಗೆ: ಅಭ್ಯಾಸ ಬರಿಗಾಲು. ಕೂಟಕ್ಕೆ ಶಾಲೆಯಲ್ಲಿರುವ ಒಂದೇ ಜೊತೆ ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರೋ ಶೂ) ಕೊಡ್ತೀವಿ. ಹತ್ತನೇ ಕ್ಲಾಸಿನ ಹುಡುಗಿಯ ಅಳತೆ. ಮುಂದೆ ಹತ್ತಿ ತುರುಕಿಕೊಳ್ತಾಳೆ. ಹೋಬಳಿ ಕೂಟದಲ್ಲಿ ನಮ್ಮ ಮೈದಾನ ಅಂತ ಬರಿಗಾಲಲ್ಲೇ ಹಾರಿದ್ದಳು.

ಪಿಟ್ ಪಕ್ಕದವಳು

ಅಯ್ಯೋ ದೇವರೇ. ನೋಡಿ, ನಿಮ್ಮ ಸೈಕಾಲಜಿಯ ಅರ್ಧ ಹತ್ತಿಯೊಳಗೇ ಇದೆ.

ಕಬಡ್ಡಿ ಹಳೇಹುಲಿ

ಹುಡುಗಿಗೆ ನಾಜೂಕು ಅಂದಿದ್ದು ವಾಪಸ್ ತಗೊಂಡೆ. ಹತ್ತಿ ತುರುಕಿದ ಬೂಟಲ್ಲಿ ನಾನಾಗಿದ್ದರೆ ಬಿದ್ದೇ ಹೋಗ್ತಿದ್ದೆ.

ಮನಸ್ಸಿನ ಕೆಲಸಗಾರ, ಬೆಂಗಳೂರು

ನಾನು ಕ್ರೀಡಾ ಮನಶ್ಶಾಸ್ತ್ರ ಓದಿ ಆಟಗಾರರ ಜೊತೆ ಕೆಲಸ ಮಾಡುವವನು. ಪಿಟ್ ಪಕ್ಕದವರ ಪ್ರಶ್ನೆಗಳಿಗೆ ಒಂದು ಸಲಾಂ. ನನ್ನ ಹತ್ತಿರ ‘ಮನಸ್ಸು ಸರಿ ಇಲ್ಲ’ ಅಂತ ಬರುವ ಎಷ್ಟೋ ಮಕ್ಕಳಿಗೆ ನಿದ್ದೆ ಇರಲ್ಲ, ತಿಂಡಿ ತಿಂದಿರಲ್ಲ, ಇಲ್ಲ ಶೂ ಕಚ್ಚುತ್ತಿರುತ್ತೆ.

ಆದರೆ ಶೂ ಬದಲಾಯಿಸಿದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ ಮೇಷ್ಟ್ರೇ. ಆರು ಫೌಲ್ ಆಗಿದೆ. ಈಗ ಭಯವೂ ನಿಜ. ನೀವು ಹೇಳಿದ ಕ್ರಮವನ್ನೇ ನೋಡಿ. ಮೊದಲ ಫೌಲ್ ಕಾಲಿನ ತಪ್ಪು. ಎರಡನೇದರಲ್ಲಿ ತಡವರಿಸಿದ್ದು ತಲೆಯ ತಪ್ಪು: ತನ್ನಷ್ಟಕ್ಕೆ ಆಗಬೇಕಾದ ಓಟವನ್ನು ಅವಳು ಹೆಜ್ಜೆ ಹೆಜ್ಜೆಗೂ ಕೈಯಲ್ಲಿ ಹಿಡಿದು ನಡೆಸೋಕೆ ಹೋದಳು. ಮೆಟ್ಟಿಲು ಇಳಿಯುವಾಗ ‘ಈಗ ಎಡಗಾಲು, ಈಗ ಬಲಗಾಲು’ ಅಂತ ಯೋಚಿಸಿದರೆ ಮುಗ್ಗರಿಸ್ತೀವಲ್ಲ, ಹಾಗೆ. ಒತ್ತಡದಲ್ಲಿ ಒಳ್ಳೇ ಆಟಗಾರರು ಕೆಡೋದಕ್ಕೆ ಇದೊಂದು ಮುಖ್ಯ ಕಾರಣ. ಮೂರನೇದರಲ್ಲಿ ಕೈಬಿಟ್ಟಳು, ಅಷ್ಟೇ.

ಇನ್ನು ನೀವು ಹೇಳ್ತಿರೋ ‘ಗೆರೆ ತುಳಿಯಬೇಡ.’ ಔಷಧಿ ಕುಡಿಯುವಾಗ ಕೋತಿಯನ್ನು ನೆನೆಸಿಕೊಳ್ಳಬೇಡ ಅಂದ ವೈದ್ಯರ ಕತೆ ಗೊತ್ತಲ್ವಾ? ಅದೇ. 1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಕೋತಿಯ ಬದಲು ಬಿಳಿ ಕರಡಿ ಇಟ್ಟು ಪ್ರಯೋಗ ಮಾಡಿದರು. ನೆನೆಸಬೇಡಿ ಅಂದಷ್ಟೂ ಅದೇ ಬಂತು. ಆದ್ದರಿಂದ ಬೇಡ ಅನ್ನೋದನ್ನೇ ಬಿಡಿ. ಅವಳಿಗೆ ಮಾಡೋಕೆ ಒಂದು ಕೆಲಸ ಕೊಡಿ. ಓಡುವಾಗ ಒಳಗೊಳಗೇ ಹೇಳಿಕೊಳ್ಳೋಕೆ ಒಂದು ಸಣ್ಣ ಪದ. ನೀವು ಆರಿಸಬೇಡಿ, ಅವಳೇ ಆರಿಸಲಿ.

ಒಂದು ಮಾತು ಬೆಳಗಿನ ಯೋಗ ಅವರಿಗೆ. ಉಸಿರಿನ ಅಭ್ಯಾಸ ಖಂಡಿತ ಒಳ್ಳೇದು, ಅದರಲ್ಲೂ ಉಸಿರು ಬಿಡೋದು ಎಳೆದುಕೊಳ್ಳೋದಕ್ಕಿಂತ ಉದ್ದ ಇದ್ದರೆ. ಆದರೆ ಶೂಟಿಂಗ್ ಬೇರೆ, ಲಾಂಗ್ ಜಂಪ್ ಬೇರೆ. ಶೂಟರ್‌ಗೆ ಎದೆಬಡಿತ ಇಳಿಯಬೇಕು. ಜಂಪರ್ ಪೂರ್ತಿ ತಣ್ಣಗಾದರೆ ಹಾರೋದು ಹೇಗೆ? ಯಾರಿಗೆ ಎಷ್ಟು ಬಿಸಿ ಬೇಕು ಅನ್ನೋದು ಆಟದಿಂದ ಆಟಕ್ಕೆ, ಮನುಷ್ಯನಿಂದ ಮನುಷ್ಯನಿಗೆ ಬದಲಾಗುತ್ತೆ. ಅವಳು 4.80 ಹಾರಿದ ದಿನ ಮೈ ಹೇಗಿತ್ತು ಅಂತ ಅವಳನ್ನೇ ಕೇಳಿ. ಆ ಹದ ನಮಗೆ ಬೇಕು.

ಬೆಳಗಿನ ಯೋಗ

ಒಪ್ಪಿದೆ ಸರ್. ಹಾಗಾದರೆ ಎದೆ ಡವಡವ ಅಂದಾಗ ಮಗು ಏನು ಮಾಡಬೇಕು?

ಮನಸ್ಸಿನ ಕೆಲಸಗಾರ, ಬೆಂಗಳೂರು

ಅದಕ್ಕೆ ಬೇರೆ ಹೆಸರು ಇಡಬೇಕು. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ಅನ್ನುವವರು ಹಾಡೋದು, ಭಾಷಣ, ಗಣಿತ ಇಂಥ ಕೆಲಸಗಳ ಮುಂಚೆ ಜನರಿಗೆ ಒಂದು ವಾಕ್ಯ ಹೇಳಿಸಿ ನೋಡಿದರು. ‘ನಾನು ಶಾಂತವಾಗಿದ್ದೇನೆ’ ಅಂದವರಿಗಿಂತ ‘ನನಗೆ ಹುರುಪು ಬಂದಿದೆ’ ಅಂದವರು ಚೆನ್ನಾಗಿ ಮಾಡಿದರು. ಭಯಕ್ಕೂ ಹುರುಪಿಗೂ ಎದೆಬಡಿತ ಒಂದೇ ಥರ. ಬಡಿಯೋ ಎದೆಗೆ ಸುಮ್ಮನಿರು ಅಂದರೆ ಕೇಳಲ್ಲ. ‘ಮೈ ತಯಾರಾಗ್ತಿದೆ’ ಅಂದರೆ ಸುಳ್ಳೂ ಆಗಲ್ಲ.

ಸುಮ್ನೆ ಓದುಗ

ಲಾಂಗ್ ಜಂಪ್ ಅಂದಾಗ ನೆನಪಾಯ್ತು. 1936ರ ಬರ್ಲಿನ್‌ನಲ್ಲಿ ಜೆಸ್ಸಿ ಓವೆನ್ಸ್ ಎರಡು ಫೌಲ್ ಮಾಡಿ ಕೂತಾಗ ಜರ್ಮನಿಯ ಲುಜ್ ಲಾಂಗ್ ಬಂದು ‘ಗೆರೆಗಿಂತ ಹಿಂದಿನಿಂದಲೇ ಹಾರು’ ಅಂದನಂತೆ. ಮಕ್ಕಳಿಗೆ ಹೇಳೋಕೆ ಚೆನ್ನಾಗಿದೆ.

ಪಿಟ್ ಪಕ್ಕದವಳು

ಚೆನ್ನಾಗಿದೆ, ಆದರೆ ಹಾಗೇ ನಡೆಯಿತಾ ಅನ್ನೋದರ ಬಗ್ಗೆ ಇತಿಹಾಸಕಾರರಿಗೆ ಅನುಮಾನ ಇದೆ. ಅವರಿಬ್ಬರ ಸ್ನೇಹ ನಿಜ. ಆ ಸಲಹೆಯ ಕತೆ ಆಮೇಲೆ ಬೆಳೆದದ್ದು ಅಂತಾರೆ. ಅದರ ಬದಲು 1968ರ ಮೆಕ್ಸಿಕೋ ಹೇಳಿ. ಬಾಬ್ ಬೀಮನ್ ಅರ್ಹತಾ ಸುತ್ತಿನಲ್ಲಿ ಎರಡು ಫೌಲ್ ಮಾಡಿದ್ದರು. ಇನ್ನೊಂದು ಆಗಿದ್ದರೆ ಮನೆಗೆ. ತಂಡದ ಜೊತೆಗಾರ ರಾಲ್ಫ್ ಬೋಸ್ಟನ್ ಬಂದು, ಬೋರ್ಡಿಗಿಂತ (ಜಿಗಿಯುವ ಹಲಗೆ) ಹಿಂದಿನಿಂದಲೇ ಜಿಗಿ, ಅರ್ಹತೆಗೆ ಅಷ್ಟು ಸಾಕು ಅಂತ ಬುದ್ಧಿ ಹೇಳಿದರು. ಫೈನಲ್‌ನಲ್ಲಿ ಬೀಮನ್ ಹಾರಿದ್ದು 8.90 ಮೀಟರ್. ಆ ವಿಶ್ವದಾಖಲೆ 1991ರವರೆಗೆ ನಿಂತಿತು.

ನನಗೆ ಇದರಲ್ಲಿ ಇಷ್ಟವಾಗೋದು ಏನು ಗೊತ್ತಾ? ಬೋಸ್ಟನ್ ‘ಧೈರ್ಯವಾಗಿರು’ ಅನ್ನಲಿಲ್ಲ. ಎಲ್ಲಿಂದ ಜಿಗಿಯಬೇಕು ಅಂತ ಹೇಳಿದರು.

ಮೇಷ್ಟ್ರೇ, ಇನ್ನೊಂದು ಉಪಯೋಗದ ವಿಷಯ. 1982ರಲ್ಲಿ ಬ್ರಿಟನ್ನಿನಲ್ಲಿ ಲಾಂಗ್ ಜಂಪರ್‌ಗಳ ಹೆಜ್ಜೆ ಅಳೆದು ನೋಡಿದರು. ಓಟ ಎಷ್ಟೇ ಪಳಗಿದ್ದರೂ ಪ್ರತಿ ಸಲ ಹೆಜ್ಜೆ ಸ್ವಲ್ಪ ಆಚೀಚೆ ಬೀಳುತ್ತೆ. ಕೊನೆಯ ಕೆಲವು ಹೆಜ್ಜೆಗಳಲ್ಲಿ ಕಣ್ಣು ಬೋರ್ಡನ್ನು ನೋಡಿ ತಾನೇ ಸರಿ ಮಾಡಿಕೊಳ್ಳುತ್ತೆ. ಅಂದರೆ ಗೆರೆ ನೋಡಲೇಬೇಡ ಅನ್ನೋದೂ ತಪ್ಪು. ದೂರದಿಂದ ಕಣ್ಣು ನೋಡಿಕೊಳ್ಳಲಿ. ಹಾರುವ ಹೊತ್ತಿಗೆ ಮುಖ ಮೇಲಿರಲಿ, ಪಿಟ್ ಆಚೆಯ ಒಂದು ಮರವೋ ಗೋಡೆಯೋ ನೋಡಲಿ.

ಈಜುಗಾರನ ಅಮ್ಮ

ಬೆಂಗಳೂರಿಂದ. ನನ್ನ ಮಗ ಈಜ್ತಾನೆ, ಹದಿಮೂರು ವರ್ಷ. ನಾನು ಮಾಡಿದ ತಪ್ಪು ಹೇಳ್ತೀನಿ, ಯಾರಿಗಾದರೂ ಉಪಯೋಗ ಆಗಬಹುದು. ಎರಡು ವರ್ಷ ನಾನು ಗ್ಯಾಲರಿಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂರ್ತಿದ್ದೆ. ಕಾರು ಹತ್ತಿದ ತಕ್ಷಣ ‘ಯಾಕೋ ಟೈಮ್ ಬರಲಿಲ್ಲ?’ ಅಂತ ಶುರು. ಆಮೇಲಾಮೇಲೆ ಪ್ರತಿ ಕೂಟದ ಹಿಂದಿನ ರಾತ್ರಿ ಅವನಿಗೆ ಹೊಟ್ಟೆನೋವು. ಡಾಕ್ಟರ್‌ಗೆ ತೋರಿಸಿದೆ, ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ಒಂದು ದಿನ ಅವನೇ ಅಂದ: ‘ಅಮ್ಮಾ, ನಾನು ಗೋಡೆ ಮುಟ್ಟಿದ ತಕ್ಷಣ ಟೈಮ್ ತೋರಿಸೋ ಬೋರ್ಡ್ ನೋಡಲ್ಲ, ನಿನ್ನ ಮುಖ ನೋಡ್ತೀನಿ.’

ಈಗ ಸ್ಟಾಪ್‌ವಾಚ್ ಮನೇಲಿ. ಕಾರಲ್ಲಿ ‘ಹೊಟ್ಟೆ ಹಸಿವಾಗಿದ್ಯಾ, ಏನು ತಿಂತೀಯ?’ ಅಷ್ಟೇ ಕೇಳೋದು. ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಕಡಿಮೆ ಆಗಿದೆ. ಮೇಷ್ಟ್ರೇ, ಅವಳು ಹಾರಿ ಎದ್ದ ತಕ್ಷಣ ಯಾರ ಮುಖ ನೋಡ್ತಾಳೆ ಅಂತ ಒಮ್ಮೆ ಗಮನಿಸಿ.

ಅವನ ಕೋಚ್ ಮಾಡಿಸೋ ಒಂದು ಅಭ್ಯಾಸ ಇದೆ. ಕಣ್ಣು ಮುಚ್ಚಿ ಪೂರ್ತಿ ರೇಸ್ ಮನಸ್ಸಿನಲ್ಲೇ ಈಜೋದು, ಅಷ್ಟೇ ಸೆಕೆಂಡಲ್ಲಿ. ಮೈಕೆಲ್ ಫೆಲ್ಪ್ಸ್‌ಗೆ ಅವರ ಕೋಚ್ ಬಾಬ್ ಬೌಮನ್ ಹೀಗೇ ಮಾಡಿಸ್ತಿದ್ದರಂತೆ, ಎಡವಟ್ಟು ಆದರೆ ಏನು ಮಾಡೋದು ಅನ್ನೋದನ್ನೂ ಸೇರಿಸಿ. 2008ರಲ್ಲಿ ಬೀಜಿಂಗ್‌ನ 200 ಮೀಟರ್ ಬಟರ್‌ಫ್ಲೈನಲ್ಲಿ ಕನ್ನಡಕದ ಒಳಗೆ ನೀರು ತುಂಬಿ ಏನೂ ಕಾಣಿಸಲಿಲ್ಲ. ಕೈಬೀಸು ಎಣಿಸಿಕೊಂಡೇ ಗೋಡೆ ಮುಟ್ಟಿದರು. ಚಿನ್ನವೂ ಬಂತು, 1:52.03ರ ವಿಶ್ವದಾಖಲೆಯೂ ಆಯ್ತು.

ಮನಸ್ಸಿನ ಕೆಲಸಗಾರ, ಬೆಂಗಳೂರು

ಅಮ್ಮ ಹೇಳಿದ್ದು ಚಿನ್ನದಂಥ ಮಾತು, ಎರಡೂ.

ಮನಸ್ಸಿನಲ್ಲಿ ಹಾರೋದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಇದನ್ನು ಬಹಳ ಜನ ತಪ್ಪಾಗಿ ಮಾಡ್ತಾರೆ. ಚಾಪೆ ಮೇಲೆ ಮಲಗಿಸಿ, ಕೊರಳಿಗೆ ಪದಕ ಬಿದ್ದ ಹಾಗೆ ಊಹಿಸು ಅಂತಾರೆ. ಪದಕ ನೋಡಿ ಏನು ಪ್ರಯೋಜನ? ಓಟ ಬೇಕು. ಅವಳು ರನ್‌ವೇಯಲ್ಲೇ, ತನ್ನ ಗುರುತಿನ ಮೇಲೇ ನಿಂತಿರಲಿ. ಹಾರುವ ಬಟ್ಟೆಯಲ್ಲೇ ಇರಲಿ. ತನ್ನ ಕಣ್ಣಿಂದಲೇ ಕಾಣಬೇಕು, ಬೇರೆಯವರು ತೆಗೆದ ವಿಡಿಯೋ ಥರ ಅಲ್ಲ. ಕಾಲಡಿಯ ಮಣ್ಣು, ಗಾಳಿ, ಮರಳಿಗೆ ಬಿದ್ದಾಗ ಆಗೋ ಸದ್ದು ಎಲ್ಲ ಬರಲಿ. ನಿಜವಾದ ಓಟಕ್ಕೆ ಎಷ್ಟು ಹೊತ್ತೋ ಅಷ್ಟೇ ಹೊತ್ತು. ಮನಸ್ಸಿನಲ್ಲೂ ಫೌಲ್ ಆದರೆ, ಮೊದಮೊದಲು ಆಗೇ ಆಗುತ್ತೆ, ಬೈಯೋದು ಬೇಡ. ಗುರುತಿಗೆ ವಾಪಸ್ ಬಂದು ಇನ್ನೊಮ್ಮೆ ಓಡಲಿ. ದಿನಕ್ಕೆ ನಾಲ್ಕೈದು ಸಲ ಸಾಕು. ಮತ್ತೆ, ಇದು ನಿಜವಾದ ಅಭ್ಯಾಸಕ್ಕೆ ಜೊತೆ ಮಾತ್ರ. ಇದನ್ನು ಮಾಡಿ ಅದನ್ನು ಬಿಟ್ಟರೆ ಏನೂ ಆಗಲ್ಲ.

ಇದಕ್ಕಿಂತ ಮುಖ್ಯವಾದದ್ದು ಕೂಟವನ್ನೇ ಶಾಲೆಗೆ ತರೋದು. ವಾರಕ್ಕೊಂದು ದಿನ ಸುಳ್ಳು ಕೂಟ ಮಾಡಿ. ಹೆಸರು ಕರೆಯಿರಿ. ಬಿಳಿ ಬಾವುಟ, ಕೆಂಪು ಬಾವುಟ ಇರಲಿ. ಎಂಟನೇ ಕ್ಲಾಸಿನವರನ್ನು ಸುತ್ತ ನಿಲ್ಲಿಸಿ ಕೂಗಾಡೋಕೆ ಹೇಳಿ. ಒಂದು ಹಾರಿದ ಮೇಲೆ ಇಪ್ಪತ್ತು ನಿಮಿಷ ಕಾಯಿಸಿ. ಮೂರೇ ಅವಕಾಶ. ಮೂರೂ ಫೌಲ್ ಆದರೆ ಅವತ್ತಿಗೆ ಮುಗೀತು, ನಾಲ್ಕನೇದು ಕೇಳಿದರೂ ಕೊಡಬೇಡಿ. ಬಿಂದ್ರಾ ಕಂಬ ಹತ್ತಿದ್ದೂ ಇದಕ್ಕೇ, ಹಳೇಹುಲಿ ಅವರೇ. ತೆಂಗಿನಮರ ಬೇಡ, ಎಂಟನೇ ಕ್ಲಾಸಿನವರ ಗಲಾಟೆ ಸಾಕು.

ಆ ಇಪ್ಪತ್ತು ನಿಮಿಷ ಕಾಯೋದಿದೆಯಲ್ಲ, ಅದೂ ಕಲಿಯಬೇಕಾದ್ದೇ. 2004ರಲ್ಲಿ ರಾವಲ್ಪಿಂಡಿಯಲ್ಲಿ ದ್ರಾವಿಡ್ 270 ಹೊಡೆದಾಗ ಕ್ರೀಸಿನಲ್ಲಿ 740 ನಿಮಿಷ ಇದ್ದರು. ಹನ್ನೆರಡು ಗಂಟೆಗೂ ಜಾಸ್ತಿ ಯಾರೂ ಒಂದೇ ಸಮ ಗಮನ ಹಿಡಿದಿಡೋಕೆ ಆಗಲ್ಲ. ಚೆಂಡು ಚೆಂಡಿನ ಮಧ್ಯೆ ಬಿಡಬೇಕು, ಬೌಲರ್ ಓಡೋಕೆ ಶುರು ಮಾಡಿದಾಗ ಮತ್ತೆ ಹಿಡಿಯಬೇಕು. ಅವಳೂ ಮಧ್ಯೆ ನೆರಳಲ್ಲಿ ಕೂತು ಗೆಳತಿ ಜೊತೆ ಮಾತಾಡಲಿ. ಎರಡು ಹೆಸರು ಮುಂಚೆ ಎದ್ದು ತನ್ನ ಕ್ರಮ ಶುರು ಮಾಡಲಿ: ಕಾಲು ಸಡಿಲಿಸೋದು, ಗುರುತಿನ ಹತ್ತಿರ ಹೋಗೋದು, ಉದ್ದ ಉಸಿರು ಬಿಡೋದು, ಪದ ಹೇಳಿಕೊಳ್ಳೋದು, ಓಡೋದು. ಪ್ರತಿ ಸಲ ಅದೇ ಕ್ರಮ.

ಕಬಡ್ಡಿ ಹಳೇಹುಲಿ

ಒಂದು ನಿಜ ಹೇಳಿಬಿಡ್ತೀನಿ. ಸೈಕಾಲಜಿ ಇರಲಿಲ್ಲ ಅಂದೆನಲ್ಲ. ನಾನು ರೈಡಿಗೆ ಹೋಗುವ ಮುಂಚೆ ಪ್ರತಿ ಸಲ ಬಗ್ಗಿ ಮಣ್ಣು ಮುಟ್ಟಿ, ಎರಡೂ ಅಂಗೈ ತೊಡೆಗೆ ಒರೆಸಿ, ಎದುರಿನ ಮೂಲೆಯವನ ಪಾದ ನೋಡ್ತಿದ್ದೆ. ಮಣ್ಣು ಮುಟ್ಟೋದು ಮರೆತ ದಿನ ಕಾಲೇ ಏಳ್ತಿರಲಿಲ್ಲ. ದೇವರ ಮೇಲಿನ ಭಕ್ತಿ ಅಂದ್ಕೊಂಡಿದ್ದೆ. ನೀವು ಹೇಳೋ ಕ್ರಮ ಅಂದರೆ ಅದೇನಾ?

ಮನಸ್ಸಿನ ಕೆಲಸಗಾರ, ಬೆಂಗಳೂರು

ಅದೇ! ಭಕ್ತಿಯೂ ಇರಲಿ. ಇನ್ನೊಂದು ಗಮನಿಸಿ: ‘ಕಬಡ್ಡಿ ಕಬಡ್ಡಿ’ ಅಂತ ಒಂದೇ ಉಸಿರಲ್ಲಿ ಹೇಳೋದೂ ಉದ್ದವಾಗಿ ಉಸಿರು ಬಿಡೋದೇ ಅಲ್ವಾ? ನಿಮ್ಮ ಆಟದ ನಿಯಮದಲ್ಲೇ ಇದೆ.

ಕೊನೆಗೆ ಒಂದು ಎಚ್ಚರಿಕೆ. ಎಲ್ಲದಕ್ಕೂ ಉಸಿರು, ಪದ, ಕ್ರಮ ಸಾಲಲ್ಲ. ಟೋಕಿಯೋದಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್‌ಗೆ ಗಾಳಿಯಲ್ಲಿ ತಿರುಗುವಾಗ ಮೈ ಎಲ್ಲಿದೆ ಅನ್ನೋ ಅಂದಾಜೇ ತಪ್ಪಿತು. ಅವರು ಹಿಂದೆ ಸರಿದದ್ದು ಸರಿಯಾದ ನಿರ್ಧಾರ. ಮೂರು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. ಹುಡುಗಿ ಊಟ ಬಿಟ್ಟರೆ, ನಿದ್ದೆ ಕೆಟ್ಟರೆ, ಮೈದಾನಕ್ಕೆ ಬರೋದೇ ಬೇಡ ಅಂದರೆ ತಾಲ್ಲೂಕು ಕೂಟ ಹಾಳಾಗಿ ಹೋಗಲಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಪಿಟಿ ಮೇಷ್ಟ್ರು, ತಿಪಟೂರು ಕಡೆ

ಎರಡು ವಾರದ ಸುದ್ದಿ. ಸ್ಪೈಕ್ಸ್ ಬೀರುವಿನೊಳಗೆ ಹೋಯ್ತು. ತಾಲ್ಲೂಕು ಕೂಟ ಮಣ್ಣಿನ ರನ್‌ವೇ, ಬರಿಗಾಲಲ್ಲೇ ಹಾರಲಿ ಅಂತ ತೀರ್ಮಾನ ಮಾಡಿದೆವು. ಗಾರೆ ಮೇಸ್ತ್ರಿ ಹತ್ತಿರ ಟೇಪ್ ಇಸ್ಕೊಂಡು ಅಳೆದೆ, ಗುರುತು 23.40 ಮೀಟರ್. ಸುಳ್ಳು ಕೂಟದ ಮೊದಲ ದಿನ ಎಂಟನೇ ಕ್ಲಾಸಿನವರು ಅವಳ ಹೆಸರು ಹಿಡಿದು ಕೂಗಿದರು. ನೋಡಿದರೆ, ಬರಿಗಾಲಲ್ಲೇ, ನಮ್ಮ ಪಿಟ್‌ನಲ್ಲೇ ಎರಡು ಫೌಲ್! ಮನಸ್ಸಿನ ಕೆಲಸಗಾರರು ಹೇಳಿದ್ದು ನಿಜ, ಬರೀ ಹತ್ತಿ ಅಲ್ಲ. ಎರಡನೇ ವಾರ ಗುರುತು ಒಂದು ಪಾದ ಹಿಂದಕ್ಕೆ ಇಟ್ಟಳು. ಮೂರರಲ್ಲಿ ಒಂದೇ ಫೌಲ್.

ಪದ ಆರಿಸು ಅಂದೆ. ಎರಡು ದಿನ ಯೋಚಿಸಿ ‘ಟಾ-ಟಕ್’ ಅಂದಳು. ಕೊನೆಯ ಎರಡು ಹೆಜ್ಜೆಯ ಸದ್ದಂತೆ, ಒಂದು ಉದ್ದ, ಒಂದು ಚಿಕ್ಕದು. ನಾನು ಎರಡು ವರ್ಷದಿಂದ ಅವಳಿಗೆ ಹೇಳಿಕೊಡೋಕೆ ಒದ್ದಾಡ್ತಿದ್ದದ್ದು ಅದೇ.

ಮತ್ತೆ ಈಜುಗಾರನ ಅಮ್ಮನವರೇ, ಗಮನಿಸಿದೆ. ಮರಳಿಂದ ಎದ್ದ ತಕ್ಷಣ ಅವಳು ನೋಡೋದು ಬಾವುಟವನ್ನಲ್ಲ, ನನ್ನನ್ನ. ಫೌಲ್ ಆದಾಗ ನಾನು ಹಣೆ ಚಚ್ಚಿಕೊಳ್ತೀನಿ ಅಂತ ನನಗೇ ಗೊತ್ತಿರಲಿಲ್ಲ.

ಈಜುಗಾರನ ಅಮ್ಮ

ಕೈಯಲ್ಲಿ ಏನಾದರೂ ಹಿಡ್ಕೊಳ್ಳಿ ಸರ್. ನಾನು ಸ್ವೆಟರ್ ಹೆಣಿತೀನಿ.

ಪಿಟಿ ಮೇಷ್ಟ್ರು, ತಿಪಟೂರು ಕಡೆ

ನಿನ್ನೆ ತಾಲ್ಲೂಕು ಕೂಟ ಮುಗಿಯಿತು. ನಾನು ಛತ್ರಿ ಹಿಡ್ಕೊಂಡು ನಿಂತಿದ್ದೆ, ಎರಡೂ ಕೈಯಲ್ಲಿ.

ಮೊದಲನೇದು ಬಿಳಿ ಬಾವುಟ, 4.29. ಗೆರೆಗಿಂತ ಒಂದು ಗೇಣು ಹಿಂದಿನಿಂದಲೇ ಹಾರಿದ್ದಳು, ಬೀಮನ್ ಲೆಕ್ಕ. ಎರಡನೇದು ಫೌಲ್, ಹೆಬ್ಬೆರಳ ತುದಿ. ನನ್ನ ಎದೆ ಧಸಕ್ ಅಂತು. ಅವಳು ನನ್ನ ಕಡೆ ನೋಡಲಿಲ್ಲ. ಬಾವುಟದವರ ಹತ್ತಿರ ಹೋಗಿ ‘ಎಷ್ಟು ತುಳಿದೆ ಸರ್?’ ಅಂತ ಕೇಳಿದಳು. ವಾಪಸ್ ಬಂದು ತನ್ನ ಗುರುತಿನ ಕಲ್ಲನ್ನ ನಾಲ್ಕು ಬೆರಳು ಹಿಂದಕ್ಕೆ ಇಟ್ಟಳು. ಆಮೇಲೆ ನೆರಳಿಗೆ ಹೋಗಿ ಕಡ್ಲೆಕಾಯಿ ತಿಂತಾ ಕೂತಳು.

ಮೂರನೇದು 4.61. ಎರಡನೇ ಸ್ಥಾನ. ಗೆದ್ದ ಹುಡುಗಿ 4.67. ಇಬ್ಬರೂ ಜಿಲ್ಲೆಗೆ ಹೋಗ್ತಾರೆ. ಬಸ್ಸಲ್ಲಿ ಊರು ಬರೋವರೆಗೂ ಬಾಯಿ ಮುಚ್ಚಲಿಲ್ಲ, ನನಗೇ ತಲೆನೋವು ಬಂತು.

ಈಗ ಹೊಸ ತಲೆಬಿಸಿ. ಜಿಲ್ಲಾ ಕೂಟ ಸಿಂಥೆಟಿಕ್ ಟ್ರ್ಯಾಕ್‌ನಲ್ಲಂತೆ. ಬರಿಗಾಲು ನಡೆಯಲ್ಲ. ಮೂರು ವಾರದಲ್ಲಿ ಸ್ಪೈಕ್ಸ್‌ಗೆ ಕಾಲು ಪಳಗಿಸೋದು ಹೇಗೆ?

ಪಿಟ್ ಪಕ್ಕದವಳು

ಮೊದಲ ವಾರ ಬರೀ ವಾರ್ಮ್‌ಅಪ್‌ಗೆ ಹಾಕಿಸಿ. ಎರಡನೇ ವಾರ ಅರ್ಧ ರನ್‌ಅಪ್. ಆಮೇಲೆ ಪೂರ್ತಿ ಓಟ, ಗುರುತು ಹೊಸದಾಗಿ ಅಳೆಯಿರಿ, ಹಳೇ 23.40 ಮರೆತುಬಿಡಿ. ಆಗಿದ್ದರೆ ಒಂದು ದಿನ ಮುಂಚೆ ಹೋಗಿ ಆ ಟ್ರ್ಯಾಕ್‌ನಲ್ಲೇ ಎರಡು ಓಟ ಓಡಿಸಿ. ಹತ್ತಿ ಮಾತ್ರ ಬೇಡ!

ಕಬಡ್ಡಿ ಹಳೇಹುಲಿ

ಮೇಷ್ಟ್ರೇ, ಹುಡುಗಿಯನ್ನ ಕಾಗದದ ಮೇಲೆ ನಿಲ್ಲಿಸಿ, ಎರಡೂ ಪಾದದ ಸುತ್ತ ಪೆನ್ಸಿಲ್ಲಲ್ಲಿ ಗೆರೆ ಎಳೆದು ಫೋಟೋ ಕಳಿಸಿ. ಪಕ್ಕದಲ್ಲಿ ಸ್ಕೇಲ್ ಇಡೋದು ಮರೀಬೇಡಿ. ಸಾಯಂಕಾಲ ಅಳೆಯಿರಿ, ಬೆಳಿಗ್ಗೆಗಿಂತ ಕಾಲು ಸ್ವಲ್ಪ ದಪ್ಪ ಇರುತ್ತೆ. ಸೋಮವಾರ ಬೆಂಗಳೂರಿಗೆ ಹೋಗ್ತಿದ್ದೀನಿ.